ಮೊದಲ ಮಾತು ಅವಳದು

ಸೊಲ್ಲಾಪುರದ ಹುಡುಗಿ, ಅಕ್ಕಲಕೋಟ ತಾಲ್ಲೂಕಿನ ಹುಡುಗ. ಪುಣೆಯಲ್ಲಿ ಕೂತು ಮೊಬೈಲಿನಲ್ಲಿ ಪರಿಚಯವಾದ ಇಬ್ಬರೂ ಈಗ ನಿಶ್ಚಯದ ಉಂಗುರ ತೊಟ್ಟಿದ್ದಾರೆ. ಗಡಿನಾಡಿನ ಮನೆಗಳಲ್ಲಿ ಸಂಬಂಧ ಕುದುರುವ ಬಗೆ ಹೇಗೆ ಬದಲಾಗುತ್ತಿದೆ ಎಂಬುದಕ್ಕೆ ಅವರ ಕಥೆ ಒಂದು ಕನ್ನಡಿ.

2022ರ ಡಿಸೆಂಬರ್ 21ರಂದು ಸೊಲ್ಲಾಪುರದಲ್ಲಿ ಒಂದು ದಿಬ್ಬಣ ಹೊರಟಿತು. ಕುದುರೆಗಳಿದ್ದವು, ಬ್ಯಾಂಡ್ ಇತ್ತು, ಮದುಮಗನ ವೇಷ ತೊಟ್ಟವರು ಹಲವರಿದ್ದರು. ಹೆಣ್ಣು ಮಾತ್ರ ಇರಲಿಲ್ಲ. ದಿಬ್ಬಣ ನೇರವಾಗಿ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ನಿಂತಿತು. ರಮೇಶ ಬಾರಸ್ಕರ್ ಅವರ ಜ್ಯೋತಿ ಕ್ರಾಂತಿ ಪರಿಷತ್ತು ಸಂಘಟಿಸಿದ್ದ ಆ ಮೋರ್ಚಾದಲ್ಲಿ ಇದ್ದವರು ವಯಸ್ಸು ದಾಟುತ್ತಿದ್ದರೂ ಕನ್ಯೆ ಸಿಗದ ಗಂಡಸರು. ನಮಗೆ ಹೆಣ್ಣು ಸಿಗುವಂತೆ ಮಾಡಿ, ಗರ್ಭದಲ್ಲೇ ಹೆಣ್ಣೆಂದು ಗುರುತಿಸಿ ಕೊಲ್ಲುವುದನ್ನು ತಡೆಯಲು 1994ರಲ್ಲಿ ಬಂದ ಕಾಯ್ದೆಯನ್ನು ಬಿಗಿಯಾಗಿ ಜಾರಿಗೆ ತನ್ನಿ ಎಂದು ಅವರು ಮನವಿ ಕೊಟ್ಟರು.

ಟಿವಿಯಲ್ಲಿ ನೋಡಿದವರು ನಕ್ಕಿರಬಹುದು. ನಮ್ಮ ಕಡೆಯ ಹಳ್ಳಿಗಳಲ್ಲಿ ಯಾರಿಗೂ ನಗು ಬರಲಿಲ್ಲ. 2011ರ ಜನಗಣತಿಯಲ್ಲಿ ಮಹಾರಾಷ್ಟ್ರದ ಆರು ವರ್ಷದೊಳಗಿನ ಮಕ್ಕಳಲ್ಲಿ ಸಾವಿರ ಗಂಡಿಗೆ 894 ಹೆಣ್ಣುಗಳಿದ್ದವು. ಆ ಮಕ್ಕಳಲ್ಲಿ ದೊಡ್ಡವರು ಈಗ ಮದುವೆಯ ವಯಸ್ಸಿಗೆ ಬರುತ್ತಿದ್ದಾರೆ. ಸೊಲ್ಲಾಪುರದ ಮೋರ್ಚಾ ಆದ ಎರಡು ತಿಂಗಳಿಗೆ, 2023ರ ಫೆಬ್ರುವರಿಯಲ್ಲಿ, ಮಂಡ್ಯದ ಕಡೆಯ ಅವಿವಾಹಿತ ಯುವಕರು ಕನ್ಯೆ ಸಿಗಲಿ ಎಂದು ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೋದರು. ಭೀಮೆಯ ದಂಡೆಯಾಗಲಿ, ಕಾವೇರಿಯ ದಂಡೆಯಾಗಲಿ, ಒಕ್ಕಲುತನದ ಮನೆಯ ಸಂಕಟ ಒಂದೇ.

ಇದೇ ಸೊಲ್ಲಾಪುರದಲ್ಲಿ ನನ್ನ ಅಕ್ಕನ ಮಗಳ ನಿಶ್ಚಯವಾಯಿತು. ವರನನ್ನು ಅವಳೇ ಹುಡುಕಿಕೊಂಡಳು, ಅದೂ ಮೊಬೈಲಿನ ಡೇಟಿಂಗ್ ಆ್ಯಪಿನಲ್ಲಿ. ಅವರಿಬ್ಬರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರ ಬದುಕು ಅವರದು. ಆದರೆ ನಡೆದದ್ದನ್ನು ಬರೆಯಬಹುದು ಎಂದು ಇಬ್ಬರೂ ಒಪ್ಪಿದ್ದಾರೆ. ಬರೆಯಲೇಬೇಕು ಎಂದು ನನಗೂ ಅನ್ನಿಸಿದೆ. ನಮ್ಮ ಮನೆಗಳಲ್ಲಿ ಸಂಬಂಧ ಕೂಡಿಸುವಾಗ ಕಟ್ಟಕಡೆಗೆ ಕೇಳುತ್ತಿದ್ದ ಒಂದು ಮಾತನ್ನು ಈ ಸಲ ಎಲ್ಲಕ್ಕಿಂತ ಮೊದಲು ಕೇಳಿದ್ದೇವೆ.

ಕುಂಬಾರ ಕನ್ಯೆಯ ಊರು

ಸೊಲ್ಲಾಪುರಕ್ಕೆ ಮದುವೆಯ ನಂಟು ಹಳೆಯದು. ಸಂಕ್ರಾಂತಿಯ ಹೊತ್ತಿಗೆ ಇಲ್ಲಿ ನಡೆಯುವ ಸಿದ್ಧೇಶ್ವರ ಜಾತ್ರೆ ಎಂದರೇ ಒಂದು ಲಗ್ನ. ಹನ್ನೆರಡನೇ ಶತಮಾನದ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ, ಊರ ಸುತ್ತ 68 ಲಿಂಗಗಳನ್ನು ಸ್ಥಾಪಿಸಿದ. ಅವನ ಅಂಗಳಕ್ಕೆ ದಿನವೂ ರಂಗೋಲಿ ಹಾಕಲು ಬರುತ್ತಿದ್ದ ಕುಂಬಾರರ ಹುಡುಗಿಯೊಬ್ಬಳು ಅವನನ್ನೇ ಮದುವೆಯಾಗುತ್ತೇನೆ ಎಂದಳಂತೆ. ತಾನು ಯೋಗಿ, ಸಂಸಾರ ತನಗಲ್ಲ ಎಂದ ಸಿದ್ಧರಾಮ ತನ್ನ ಯೋಗದಂಡವನ್ನು ವರಿಸಲು ಹೇಳಿದ. ಇವತ್ತಿಗೂ ಏಳು ನಂದಿಧ್ವಜಗಳು ಬಿಳಿ ಬಾರಾಬಂದಿ ತೊಟ್ಟ ಭಕ್ತರ ಹೆಗಲೇರಿ ಬರುತ್ತವೆ. ದೇವಸ್ಥಾನದ ಬಳಿಯ ಸಮ್ಮತಿ ಕಟ್ಟೆಯಲ್ಲಿ ಸಮ್ಮತಿಯ ವಾಚನ ನಡೆಯುತ್ತದೆ. ನೆರೆದ ಸಾವಿರಾರು ಜನ ಅಕ್ಷತೆ ಹಾಕುತ್ತಾರೆ. ಕನ್ನಡ, ಮರಾಠಿ, ತೆಲುಗು, ಉರ್ದು ಆಡುವ ಎಲ್ಲರೂ ಆ ಮದುವೆಯ ಬೀಗರೇ.

ಚಿಕ್ಕಂದಿನಲ್ಲಿ ಅಜ್ಜಿಯ ಸೆರಗು ಹಿಡಿದು ಅಕ್ಷತೆ ಹಾಕಿ ಬಂದವಳು ನಾನು. ಈ ಕಥೆಯಲ್ಲಿ ಮೊದಲು ಬಾಯಿಬಿಟ್ಟವಳು ಹುಡುಗಿ ಎಂಬುದು ಹೊಳೆದದ್ದು ಬಹಳ ವರ್ಷಗಳ ಮೇಲೆ. ಇನ್ನೊಂದನ್ನೂ ಮರೆಯುವಂತಿಲ್ಲ. ಅಕ್ಷತೆಯ ಮರುದಿನ ಹೋಮ್ ಮೈದಾನದಲ್ಲಿ ನಡೆಯುವ ಹೋಮ, ಆ ಕನ್ಯೆ ಅಗ್ನಿಗೆ ಅರ್ಪಿಸಿಕೊಂಡಳು ಎಂಬ ನೆನಪಿನದು. ಹೆಣ್ಣು ಮನಸ್ಸು ಬಿಚ್ಚಿ ಕೇಳಿದಳು, ಕೇಳಿದ್ದಕ್ಕೆ ಬೆಲೆಯನ್ನೂ ಅವಳೇ ತೆತ್ತಳು. ಈ ನೆಲದ ಎಷ್ಟೋ ಹೆಣ್ಣುಮಕ್ಕಳ ಬಾಳು ಇವೆರಡರ ನಡುವೆಯೇ ಸವೆದುಹೋಗಿದೆ. ಅಕ್ಕನ ಮಗಳು ತನ್ನ ಮಾತು ಹೇಳಿದಾಗ ನನಗೆ ಸಂತೋಷದ ಜೊತೆಗೆ ಅಂಜಿಕೆಯೂ ಆದದ್ದು ಅದಕ್ಕೇ.

ಬಯೋಡಾಟಾದಿಂದ ಆ್ಯಪಿಗೆ

ಮೊದಲು ಅವಳ ಬಯೋಡಾಟಾ ಓಡಾಡಿತ್ತು. ನಮ್ಮಲ್ಲಿ ಹಿಂದೆ ಸಂಬಂಧ ಹೇಳುತ್ತಿದ್ದವರು ಸೋದರಮಾವಂದಿರು, ಮಠದ ಅಯ್ಯನೋರು, ಊರೂರು ತಿರುಗುವ ವ್ಯಾಪಾರಿಗಳು. ಅತ್ತೆಯ ಮಗ, ಮಾವನ ಮಗಳು ಎಂದು ಮನೆಯೊಳಗೇ ಮುಗಿಯುವ ಮದುವೆಗಳೂ ಬೇಕಾದಷ್ಟಿದ್ದವು. ಆಮೇಲೆ ಸಮಾಜದ ವಧು-ವರ ಮೇಳಾವಾಗಳು ಬಂದವು. ಈಗ ವಾಟ್ಸ್‌ಆ್ಯಪ್ ಗುಂಪುಗಳು. ಮೇಲೆ ಗಣಪತಿಯ ಚಿತ್ರ, ಕೆಳಗೆ ಎತ್ತರ, ಬಣ್ಣ, ಶಿಕ್ಷಣ, ಪಗಾರ, ಮಾವನ ಮನೆತನ, ಕೊನೆಗೆ ‘ಅಪೇಕ್ಷೆ’ ಎಂದು ಒಂದು ಸಾಲು. ಹುಡುಗಿಯ ಬಯೋಡಾಟಾ ಬರೆಯುವವರು ಅಪ್ಪ-ಕಾಕಾ. ಆ ಅಪೇಕ್ಷೆಯೂ ಅವರದೇ.

ವಧು-ವರರ ಶೋಧ ಇಂಟರ್ನೆಟ್ಟಿಗೆ ಬಂದು ಕಾಲು ಶತಮಾನವೇ ಕಳೆದಿದೆ. 1990ರ ದಶಕದ ಕೊನೆಯಲ್ಲಿ ಅನುಪಮ್ ಮಿತ್ತಲ್ ಶುರುಮಾಡಿದ ಜಾಲತಾಣ ಮೊದಲು ಸಗಾಯಿ ಡಾಟ್ ಕಾಮ್ ಆಗಿತ್ತು, ಮುಂದೆ ಶಾದಿ ಡಾಟ್ ಕಾಮ್ ಆಯಿತು. ಅದೇ ಕಾಲದಲ್ಲಿ ಅಮೆರಿಕದಲ್ಲಿದ್ದ ಮುರುಗವೇಲ್ ಜಾನಕಿರಾಮನ್ ತಮಿಳರಿಗಾಗಿ ಮಾಡಿದ ಒಂದು ಜಾಲತಾಣದಿಂದ ಭಾರತ್ ಮ್ಯಾಟ್ರಿಮೊನಿ ಹುಟ್ಟಿತು. ತಮ್ಮ ಹೆಂಡತಿಯನ್ನೂ ಅವರು ಕಂಡುಕೊಂಡದ್ದು ತಾವೇ ಕಟ್ಟಿದ ಆ ತಾಣದಲ್ಲಿ. ಮುಂದೆ ಕನ್ನಡಕ್ಕೊಂದು, ಮರಾಠಿಗೊಂದು ಎಂದು ಭಾಷೆಗೊಂದು ಕವಲೊಡೆಯಿತು. ಭಾಷೆಯ ಒಳಗೆ ಜಾತಿ, ಜಾತಿಯ ಒಳಗೆ ಒಳಪಂಗಡ ಎಂದು ಸೋಸಿಕೊಳ್ಳುವ ಅನುಕೂಲವೂ ಬಂತು. ದಲ್ಲಾಳಿಯ ಚೀಲದಲ್ಲಿದ್ದ ಫೋಟೊಗಳು ಪರದೆಯ ಮೇಲೆ ಬಂದವು ಎಂಬುದನ್ನು ಬಿಟ್ಟರೆ ಒಳಗಿನ ಲೆಕ್ಕ ಹಳೆಯದೇ. ಎಷ್ಟೋ ಸಲ ಅಲ್ಲಿ ಖಾತೆ ತೆರೆಯುವವರೂ ತಂದೆ-ತಾಯಿಯರೇ.

ಡೇಟಿಂಗ್ ಆ್ಯಪ್‌ಗಳ ದಾರಿ ಬೇರೆ. 2012ರಲ್ಲಿ ಅಮೆರಿಕದಲ್ಲಿ ಟಿಂಡರ್ ಶುರುವಾಯಿತು. 2018ರ ಕೊನೆಗೆ ಭಾರತಕ್ಕೆ ಬಂದ ಬಂಬಲ್‌ನಲ್ಲಿ ಹೆಣ್ಣು-ಗಂಡು ಪರಸ್ಪರ ಒಪ್ಪಿದ ಮೇಲೆ ಮೊದಲ ಸಂದೇಶ ಕಳಿಸುವ ಅಧಿಕಾರ ಹೆಣ್ಣಿಗಿತ್ತು. ನಮ್ಮಲ್ಲೇ ಹುಟ್ಟಿದ ಐಲ್ ಎಂಬ ಕಂಪನಿ 2022ರಲ್ಲಿ ಕನ್ನಡಿಗರಿಗೆಂದೇ ‘ನೀನೆ’ ಎಂಬ ಆ್ಯಪ್ ತಂದಿತು. ಅಮೆರಿಕದಲ್ಲಿ 2017ರಲ್ಲಿ ಜೊತೆಯಾದ ಹೆಣ್ಣು-ಗಂಡಿನ ಜೋಡಿಗಳಲ್ಲಿ ಶೇ 39ರಷ್ಟು ಮಂದಿಯ ಪರಿಚಯ ಇಂಟರ್ನೆಟ್ಟಿನಲ್ಲಿ ಆಗಿತ್ತು ಎಂದು ಸ್ಟ್ಯಾನ್‌ಫರ್ಡ್‌ನ ಮೈಕೆಲ್ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ಅಮೆರಿಕದ ಲೆಕ್ಕ ನಮಗೆ ಹೊಂದುವುದಿಲ್ಲ. ಆದರೆ ಪುಣೆ, ಬೆಂಗಳೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ದುಡಿಯುವ ನಮ್ಮ ಹುಡುಗ-ಹುಡುಗಿಯರ ಮೊಬೈಲಿನಲ್ಲಿ ಈ ಆ್ಯಪ್‌ಗಳಿವೆ. ಅವನ್ನು ಬಳಸುವವರು ಮನೆ ಬಿಟ್ಟು ಕೆಟ್ಟವರು ಎಂಬ ಮಾತನ್ನು ಇನ್ನು ಬಿಡಬೇಕು.

ನಮ್ಮ ಹುಡುಗಿಯನ್ನು ನೋಡಲು ಬಂದವರೂ ಇದ್ದರು. ಕಾಂದಾ ಪೋಹೆ, ಚಹಾ, ತಲೆ ತಗ್ಗಿಸಿ ಕೂರುವುದು, ‘ಅಡಿಗಿ ಬರ್ತದೇನವ್ವಾ?’ ಎಂಬ ಪ್ರಶ್ನೆ, ಕೊನೆಗೆ ‘ಇಬ್ಬರೂ ಒಂದಿಷ್ಟು ಮಾತಾಡ್ರಿ’ ಎಂದು ಮಾಳಿಗೆಗೆ ಕಳಿಸುವುದು. ಕೆಳಗೆ ಎಲ್ಲರೂ ಕಾಯುತ್ತಿರುವಾಗ ಆ ಹತ್ತು ನಿಮಿಷದಲ್ಲಿ ಏನು ಮಾತಾಡಬೇಕು? ಒಬ್ಬ ಅವಳನ್ನು ಕೇಳಿದ್ದು ಒಂದೇ: ‘ಲಗ್ನ ಆದ ಮ್ಯಾಲ ನೌಕರಿ ಬಿಡ್ತಿ ಹೌದಲ್ಲ?’ ಅವಳು ಕೆಳಗಿಳಿದು ಬಂದು ಬೇಡ ಎಂದಳು. ‘ಬೇಡ ಅನ್ನಾಕ ಕಾರಣ ಏನು?’ ಎಂದು ಮನೆಯವರು ವಾರಗಟ್ಟಲೆ ಅವಳನ್ನೇ ಕೇಳಿದರು.

‘ನೀವ್ ಕನ್ನಡದವರೇನ್ರಿ?’

ಆ್ಯಪಿನಲ್ಲಿ ಅವಳು ನೋಡಿದ ಫೋಟೊಗಳೆಲ್ಲ ಹೆಚ್ಚುಕಡಿಮೆ ಒಂದೇ ನಮೂನೆ. ಕಪ್ಪು ಕನ್ನಡಕ, ಬುಲೆಟ್ ಗಾಡಿ, ಗೋವಾದ ಸಮುದ್ರ. ಅವುಗಳ ನಡುವೆ ಒಂದು ಫೋಟೊ ಬಂತು. ಕೋಡಿಗೆ ಬಣ್ಣ ಬಳಿದ ಎರಡು ಎತ್ತು, ಅವುಗಳ ಬೆನ್ನಿಗೆ ಜೂಲು ಹೊದಿಸುತ್ತಿರುವ ಒಬ್ಬ ಗಟ್ಟಿಮುಟ್ಟಾದ ಮನುಷ್ಯ, ಪಕ್ಕದಲ್ಲಿ ಹಗ್ಗ ಹಿಡಿದು ನಗುತ್ತಿರುವ ಈ ಹುಡುಗ. ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಕಾರಹುಣ್ಣಿವಿ, ಅಣ್ಣನ ಜೋಡಿ’ ಎಂದಿತ್ತು.

ಎತ್ತಿನ ಹಬ್ಬ ಎಂದರೆ ಮಹಾರಾಷ್ಟ್ರದ ಹಲವು ಕಡೆ ಶ್ರಾವಣದ ಅಮಾವಾಸ್ಯೆಯ ಪೋಳಾ. ಜ್ಯೇಷ್ಠದ ಹುಣ್ಣಿಮೆಗೆ ಎತ್ತು ಸಿಂಗರಿಸಿ ಕರಿ ಹರಿಯುವ ಕಾರಹುಣ್ಣಿಮೆ ನಮ್ಮ ಕಡೆಯದು. ಆ ಹೆಸರು ಕಂಡದ್ದೇ ಅವಳು ಬೆರಳು ನಿಲ್ಲಿಸಿದಳು. ಇಬ್ಬರ ಒಪ್ಪಿಗೆಯೂ ಕೂಡಿದ ಮೇಲೆ ಅವಳ ಮೊದಲ ಸಂದೇಶ ಹೋಯಿತು: ‘ನೀವ್ ಕನ್ನಡದವರೇನ್ರಿ?’ ಉತ್ತರ ಬಂತು: ‘ಹೌದ್ರಿ. ಮನ್ಯಾಗ ಕನ್ನಡಾನೇ. ಅಕ್ಕಲಕೋಟ ತಾಲೂಕು, ದುಧನಿ ಹತ್ರ. ನಿಮ್ದು?’

ಸೊಲ್ಲಾಪುರದಿಂದ ಅಕ್ಕಲಕೋಟ ನಲವತ್ತು ಕಿಲೋಮೀಟರಿನ ಆಸುಪಾಸು. ಸ್ವಾಮಿ ಸಮರ್ಥರ ದರ್ಶನಕ್ಕೆ ಅವಳು ಎಷ್ಟೋ ಗುರುವಾರ ಹೋಗಿ ಬಂದಿದ್ದಾಳೆ. ಮಹಾರಾಷ್ಟ್ರ-ಕರ್ನಾಟಕ ಗಡಿ ವಿವಾದದ ಬಗೆಗಿನ 1967ರ ಮಹಾಜನ ಆಯೋಗದ ವರದಿ ಕರ್ನಾಟಕಕ್ಕೆ ಸೇರಬೇಕೆಂದು ಹೇಳಿದ್ದ ತಾಲ್ಲೂಕು ಅದು. ಹಳ್ಳಿಗಳಲ್ಲಿ ಇವತ್ತಿಗೂ ಕಟ್ಟೆಯ ಮಾತು, ಹೊಲದ ಮಾತು ಎಲ್ಲ ಕನ್ನಡವೇ. ಅವನು ಓದಿದ್ದು ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಯಲ್ಲಿ, ಆಮೇಲೆ ಮರಾಠಿಯಲ್ಲಿ. ಈಗ ಪುಣೆಯ ಹತ್ತಿರ ಚಾಕಣದ ಕಾರ್ಖಾನೆಯೊಂದರಲ್ಲಿ ಕೆಲಸ. ಅವಳು ಸೊಲ್ಲಾಪುರ ಪೇಟೆಯ ಮರಾಠಿ ಶಾಲೆಯಲ್ಲಿ ಓದಿದವಳು, ಮನೆಯಲ್ಲಿ ಕನ್ನಡ ಆಡಿದರೂ ಅಕ್ಷರ ಬಾರದು. ಗಡಿನಾಡಿನ ನಮ್ಮಂಥ ಸಾವಿರಾರು ಮನೆಗಳ ಪಾಡು ಇದೇ. ಸೊಲ್ಲಾಪುರದವರೇ ಆದ ಜಯದೇವಿತಾಯಿ ಲಿಗಾಡೆಯವರೂ ಮರಾಠಿಯಲ್ಲಿ ಓದಿ ಆಮೇಲೆ ಕನ್ನಡ ಕಲಿತವರು. ಸಿದ್ಧರಾಮನ ಪುರಾಣವನ್ನು ಕನ್ನಡದಲ್ಲಿ ಬರೆದ ಅವರು 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಮಹಿಳೆ ಅವರೇ.

ಅವಳಿಗೆ ಕನ್ನಡ ಅಕ್ಷರ ಬಾರದ್ದರಿಂದ ಇವರಿಬ್ಬರ ಮಾತೆಲ್ಲ ಧ್ವನಿಸಂದೇಶಗಳಲ್ಲಿ ನಡೆಯಿತು. ಅವನು ಪಾಳಿ ಮುಗಿಸಿ ಬಸ್ಸಿನಲ್ಲಿ ಬರುವಾಗ ಕಳಿಸುವುದು, ಅವಳು ರಾತ್ರಿ ರೊಟ್ಟಿ ಬಡಿಯುತ್ತ ಕೇಳುವುದು. ಬರೆದ ಮಾತಿನಲ್ಲಿ ಮನುಷ್ಯ ತನ್ನನ್ನು ಚಂದ ಮಾಡಿಕೊಳ್ಳಬಹುದು. ದಣಿದ ದನಿ, ತಡವರಿಸಿದ ಉತ್ತರ, ಊರಿಗೆ ಹೋದಾಗ ಹಿಂದಿನಿಂದ ಕೇಳಿಬರುವ ಅವ್ವನ ಕೆಮ್ಮು ಇವನ್ನೆಲ್ಲ ಮುಚ್ಚಿಡುವುದು ಕಷ್ಟ. ‘ಮಾವಶಿ, ಆಂವ ಸಿಟ್ಟಿಗೆದ್ದಾಗ ಹ್ಯಾಂಗ ಮಾತಾಡ್ತಾನ ಅನ್ನೂದು ನನಗ ಮೊದಲ ಗೊತ್ತಾತು’ ಎಂದು ಅವಳು ಆಮೇಲೆ ನನಗೆ ಹೇಳಿದಳು. ಮದುವೆಯಾಗಿ ವರ್ಷವಾದರೂ ನಮ್ಮ ತಲೆಮಾರಿನ ಎಷ್ಟೋ ಹೆಂಗಸರಿಗೆ ಅದು ಗೊತ್ತಾಗಿರಲಿಲ್ಲ. ಗೊತ್ತಾದಾಗ ಹೊತ್ತು ಮೀರಿತ್ತು.

ಮೊದಲ ಭೇಟಿ ಪುಣೆಯ ಸಾರಸಬಾಗಿನಲ್ಲಿ, ಸಂಜೆ, ಜನ ತುಂಬಿರುವ ಹೊತ್ತಿನಲ್ಲಿ. ಕೋಣೆಯ ಗೆಳತಿಯನ್ನು ಅವಳು ಜೊತೆಗೆ ಕರೆದುಕೊಂಡು ಹೋಗಿದ್ದಳು. ಕೇಳಬೇಕಾದ್ದನ್ನೆಲ್ಲ ಮೊದಲೇ ಯೋಚಿಸಿಟ್ಟಿದ್ದಳು. ನೌಕರಿ ಮುಂದುವರಿಸುತ್ತೇನೆ, ನನ್ನ ಪಗಾರದಲ್ಲಿ ಒಂದು ಪಾಲು ಅಪ್ಪ-ಅವ್ವನಿಗೆ ಹೋಗುತ್ತದೆ, ನಿನ್ನ ಮನೆಯವರು ಏನೆನ್ನುತ್ತಾರೆ? ನಿನ್ನ ಅವ್ವ ಮುಂದೆ ಎಲ್ಲಿರುತ್ತಾಳೆ? ಅವನೂ ತನ್ನ ಮಾತು ಮುಚ್ಚಿಡಲಿಲ್ಲ. ‘ಮನಿ ಮ್ಯಾಲ ಸಾಲ ಐತಿ. ಬೋರ್ ಹೊಡಸಾಕ ತಗೊಂಡಿದ್ದು. ಎರಡ ಬೋರ್ ಫೇಲ್ ಆದವು. ಅಣ್ಣನ ಲಗ್ನ ಇನ್ನಾ ಆಗಿಲ್ಲ, ಹೊಲಾ ಮಾಡ್ತಾನ ಅಂತ ಯಾರೂ ಕನ್ಯಾ ಕೊಡವಲ್ಲರು.’ ಪಗಾರ ಹೆಚ್ಚಿಸಿ ಹೇಳುವ ವರಗಳನ್ನು ನೋಡಿದ್ದ ಹುಡುಗಿಗೆ ಸಾಲ ಹೇಳಿದ ಹುಡುಗ ಹಿಡಿಸಿದ.

ಒಂದು ಮಳೆಗಾಲ, ಒಂದು ಚಳಿಗಾಲ ಕಳೆದ ಮೇಲೆ ಇಬ್ಬರೂ ಮನೆಯಲ್ಲಿ ಹೇಳುವುದೆಂದು ನಿಶ್ಚಯಿಸಿದರು.

ಹಿರಿಯರ ವಿಚಾರಣೆ

ಅವಳು ಮೊದಲು ಹೇಳಿದ್ದು ನನಗೆ. ಬೆಳಗಿನ ಹುತಾತ್ಮಾ ಎಕ್ಸ್‌ಪ್ರೆಸ್ ಹಿಡಿದು ನಾನು ಪುಣೆಗೆ ಹೋದೆ, ಹುಡುಗನನ್ನು ನೋಡಿದೆ, ಮಾತಾಡಿಸಿದೆ. ಆಮೇಲೆ ಅವಳ ಅಪ್ಪನ ಎದುರು ಕೂತೆವು. ಚಾದರು-ಟವೆಲ್ ವ್ಯಾಪಾರದಲ್ಲಿ ಕೂದಲು ನರೆಸಿಕೊಂಡ ಮನುಷ್ಯ, ಮಗಳ ಮೇಲೆ ಜೀವ ಇಟ್ಟವರು. ಆದರೂ ಬಾಯಿಗೆ ಬಂದ ಮೊದಲ ಮಾತು: ‘ಮೊಬೈಲ್‌ನಾಗ ಸಿಕ್ಕ ವರಾ ನಮಗ ಬ್ಯಾಡ. ಮಂದಿ ಏನಂದಾರು?’ ‘ಭಾವ, ನೀವು ವಾಟ್ಸ್‌ಆ್ಯಪಿನಾಗ ಹುಡುಕಿದ ವರಗಳೂ ಮೊಬೈಲ್‌ನಾಗ ಸಿಕ್ಕವರೇ ಅಲ್ಲೇನ್ರಿ?’ ಎಂದೆ. ಅವರು ಸುಮ್ಮನಾದರು. ಅವರ ಸಿಟ್ಟಿನ ಅಡಿಯಲ್ಲಿದ್ದದ್ದು ಭಯ. ಮಗಳಿಗೆ ಮೋಸವಾದರೆ ಎಂಬ ಭಯ, ತಮ್ಮನ್ನು ಕೇಳಲಿಲ್ಲವಲ್ಲ ಎಂಬ ನೋವು. ಎರಡಕ್ಕೂ ಮರ್ಯಾದೆ ಕೊಡಬೇಕಾದದ್ದು ನಮ್ಮ ಧರ್ಮ.

ಹೀಗಾಗಿ ವಿಚಾರಣೆಯ ಭಾರವನ್ನು ಅವರಿಗೇ ವಹಿಸಿದೆವು. ದುಧನಿ ಬಜಾರಿನ ಪರಿಚಯದ ಅಡತಿ ಅಂಗಡಿಯವರಿಂದ ಮನೆತನದ ಬಗ್ಗೆ ಕೇಳಿಸಿದರು. ತೊಗರಿ ಮಾರಿದ ಲೆಕ್ಕ ಹೇಗೆ, ಸಾಲ ತೀರಿಸುವ ನಡತೆ ಹೇಗೆ, ಮನೆಯಲ್ಲಿ ಕುಡಿತ ಇದೆಯೇ, ಹೆಂಗಸರ ಮೇಲೆ ಕೈ ಮಾಡುವ ಚಾಳಿ ಇದೆಯೇ. ಚಾಕಣದ ಕೆಲಸ ನಿಜವೇ ಎಂದು ಊರಿನ ಇನ್ನೊಬ್ಬ ಹುಡುಗನ ಕೈಲಿ ತಿಳಿದುಕೊಂಡರು. ಸಾರಸಬಾಗಿನಲ್ಲಿ ಅವನು ಹೇಳಿದ್ದಕ್ಕೂ ದುಧನಿಯಿಂದ ಬಂದ ಸುದ್ದಿಗೂ ತಾಳೆಯಾಯಿತು. ಯಾವ ಆ್ಯಪ್ ಕೂಡ ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಲಾರದು. ನಮ್ಮ ಹಿರಿಯರ ಬಳಿ ಊರೂರಿನ ಸಂಬಂಧಗಳ ದೊಡ್ಡ ತಿಳಿವಳಿಕೆ ಇದೆ. ಆಯ್ಕೆಯನ್ನು ತಡೆಯಲು ಬಳಸಿದರೆ ಅದು ಬೇಡಿಯಾಗುತ್ತದೆ, ಕಾಯಲು ಬಳಸಿದರೆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಆಸರೆ ಇಲ್ಲ.

ಉಳಿದದ್ದು ಒಂದು ತೊಡಕು. ಇಬ್ಬರೂ ಲಿಂಗಾಯತರೇ, ಆದರೆ ಒಳಪಂಗಡ ಬೇರೆ. ಕಾಕಾ ಒಬ್ಬರು ಅದನ್ನೇ ಹಿಡಿದು ಕೂತರು. ಆಗ ಮೂಲೆಯಲ್ಲಿ ಕೂತಿದ್ದ ಹುಡುಗಿಯ ಅಜ್ಜಿ ಕೇಳಿದರು: ‘ಬಸವಣ್ಣನ ಫೋಟೊ ಜಗಲಿ ಮ್ಯಾಲ ಯಾಕ ಇಟ್ಟೀರಿ ಹಂಗಾದ್ರ? ಕಲ್ಯಾಣದಾಗ ಹರಳಯ್ಯನ ಮಗಾ, ಮಧುವರಸನ ಮಗಳು ಅವರ ಲಗ್ನಾ ಮಾಡಿದವರು ಯಾರು?’ ಸಮಗಾರನ ಮಗನಿಗೂ ಬ್ರಾಹ್ಮಣ ಮಂತ್ರಿಯ ಮಗಳಿಗೂ ನಡೆದ ಆ ಮದುವೆಗಾಗಿ ಶರಣರು ಪ್ರಾಣವನ್ನೇ ತೆತ್ತರು. ಕಲ್ಯಾಣ ನಮ್ಮೂರಿಂದ ದೂರವೇನೂ ಇಲ್ಲ. ಅಜ್ಜಿಯ ಮಾತಿಗೆ ಕಾಕಾರ ಬಳಿ ಉತ್ತರವಿರಲಿಲ್ಲ.

ನಾನು ಇಲ್ಲಿ ಒಂದನ್ನು ಸ್ಪಷ್ಟವಾಗಿ ಹೇಳಬೇಕು. ನಮ್ಮ ಮನೆಯ ದಾರಿ ಸುಗಮವಾಯಿತು, ಯಾಕೆಂದರೆ ದಾಟಬೇಕಾಗಿದ್ದ ಗೆರೆ ಸಣ್ಣದು. ದೇಶದಲ್ಲಿ ಜಾತಿ ಮೀರಿದ ಮದುವೆಗಳು ನೂರಕ್ಕೆ ಐದರ ಆಸುಪಾಸು ಎಂದು 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆ ಹೇಳಿತ್ತು. ಈ ಹುಡುಗ ಬೇರೆ ಜಾತಿಯವನೋ ಬೇರೆ ಧರ್ಮದವನೋ ಆಗಿದ್ದರೆ ಅಜ್ಜಿಯ ಒಂದು ಮಾತು ಸಾಲುತ್ತಿತ್ತೇ? ಅಂಥ ಜೋಡಿಗಳಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಆದರೆ ಅದರ ಮೂವತ್ತು ದಿನಗಳ ನೋಟಿಸಿನ ಅವಧಿಯಲ್ಲಿ ಮನೆಯವರ ಬೆದರಿಕೆಗೆ ಅಂಜಿ ಬದುಕಬೇಕಾದ ಮಕ್ಕಳಿದ್ದಾರೆ. ಅವರನ್ನು ನೆನೆಯದೆ ನಮ್ಮ ಸಂತೋಷವನ್ನು ಬರೆಯುವುದು ನನ್ನಿಂದಾಗದು.

ಉಡಿ ತುಂಬಿದ ದಿನ

ನಿಶ್ಚಯಕ್ಕೆ ಮೊದಲು ಹುಡುಗನ ಅವ್ವ ಸೊಲ್ಲಾಪುರಕ್ಕೆ ಬಂದರು. ಇಳಕಲ್ ಸೀರೆ, ಹಣೆಯ ತುಂಬ ವಿಭೂತಿ. ಗಂಡ ತೀರಿದ ಮೇಲೆ ಎರಡು ಗಂಡುಮಕ್ಕಳನ್ನು ಬೆಳೆಸಿದ ಹೆಂಗಸು. ಅವರು ಅಡಿಗೆಯ ಪ್ರಶ್ನೆ ಕೇಳಲಿಲ್ಲ. ಹುಡುಗಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು: ‘ತಂಗಿ, ನಮ್ಮೂರಾಗ ನೀರು ದಿನಾ ಬರೂದಿಲ್ಲ. ಬ್ಯಾಸಗಿ ಬಂತಂದ್ರ ಟ್ಯಾಂಕರ್. ನೀ ಹಬ್ಬಕ್ಕ ಬಂದಾಗ ನಿನಗ ತ್ರಾಸ ಆಗ್ತದ. ಮೊದಲ ಹೇಳಿದ್ದು ಚಲೋ ಅಂತ ಹೇಳ್ದೆ.’ ನಲ್ಲಿಯಲ್ಲಿ ನಾಲ್ಕೈದು ದಿನಕ್ಕೊಮ್ಮೆ ನೀರು ಕಂಡು ಬೆಳೆದ ಸೊಲ್ಲಾಪುರದ ಹುಡುಗಿ ನಕ್ಕಳು: ‘ಅತ್ತಿ, ಕೊಡ ತುಂಬಿಡೂದು ನನಗೂ ರೂಢಿ ಐತ್ರಿ.’

ನಿಶ್ಚಯ, ನಮ್ಮ ಪೇಟೆಯ ಮಾತಿನಲ್ಲಿ ಸಾಖರಪುಡಾ, ಹುಡುಗಿಯ ಮನೆಯಲ್ಲೇ ಆಯಿತು. ಹುಡುಗಿಗೆ ಹಸಿರು ಸೀರೆ, ಕೈತುಂಬ ಹಸಿರು ಬಳೆ. ಮುತ್ತೈದೆಯರು ಉಡಿ ತುಂಬಿದರು: ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣ ಬೇರು, ಅಡಿಕೆ, ಮೇಲೊಂದು ಕುಬಸದ ಖಣ. ಗಂಡ ತೀರಿದ ಹೆಂಗಸು ಉಡಿ ತುಂಬಬಾರದು ಎಂದು ಹುಡುಗನ ಅವ್ವ ಹಿಂದೆ ಸರಿದು ನಿಂತಿದ್ದರು. ಹುಡುಗಿ ಎದ್ದು ಅವರ ಮುಂದೆ ಹೋಗಿ ಸೆರಗು ಹಿಡಿದಳು. ‘ಅತ್ತಿ, ಮೊದಲ ನೀವು ತುಂಬ್ಬೇಕಾಗಿತ್ರಿ.’ ಅವರ ಕೈ ನಡುಗುತ್ತಿತ್ತು. ಅಕ್ಕಿ ಒಂದಿಷ್ಟು ನೆಲಕ್ಕೆ ಬಿತ್ತು. ನೆರೆದವರಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು, ಯಾರೂ ಬೇಡವೆನ್ನಲಿಲ್ಲ. ಅಯ್ಯನೋರು ಹುಡುಗಿಯನ್ನೂ ಹುಡುಗನನ್ನೂ ಬೇರೆ ಬೇರೆಯಾಗಿ ‘ಒಪ್ಪಿಗೆ ಐತೇನು?’ ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. ಮೊದಲು ಹುಡುಗಿಯನ್ನು ಕೇಳಿದರು. ಉಂಗುರ ಬದಲಾದವು, ಸಕ್ಕರೆ ಹಂಚಿದರು. ಊಟಕ್ಕೆ ಶೇಂಗಾ ಹೋಳಿಗೆ, ಕಡಕ್ ರೊಟ್ಟಿ, ಎಣಗಾಯಿ, ಶೇಂಗಾ ಚಟ್ನಿ.

ಎಚ್ಚರದ ಮಾತು

ಇಷ್ಟು ಓದಿ ಯಾರೂ ಆ್ಯಪ್ ಎಂದರೆ ಎಲ್ಲ ಒಳ್ಳೆಯದೇ ಎಂದುಕೊಳ್ಳಬಾರದು. ಮದುವೆಯ ಹೆಸರಿನಲ್ಲಿ ಹಣ ಸುಲಿಯುವವರು ಜಾಲತಾಣಗಳಲ್ಲೂ ಇದ್ದಾರೆ, ಆ್ಯಪ್‌ಗಳಲ್ಲೂ ಇದ್ದಾರೆ. ವಿದೇಶದ ಡಾಕ್ಟರ್ ಎಂದು ಪರಿಚಯ, ದುಬಾರಿ ಉಡುಗೊರೆ ಕಳಿಸಿದ್ದೇನೆ ಎಂಬ ಸಂದೇಶ, ಅದು ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದಿದೆ, ಬಿಡಿಸಲು ಹಣ ಕಟ್ಟಿ ಎಂಬ ಫೋನು. ಈ ಮೋಸದ ಜಾಡು ಎಲ್ಲ ಕಡೆ ಒಂದೇ. ಮ್ಯಾಟ್ರಿಮೊನಿ ತಾಣಗಳು ಬಳಕೆದಾರರ ಗುರುತಿನ ದಾಖಲೆ ಪಡೆಯಬೇಕು, ದೂರು ಕೇಳಲು ಅಧಿಕಾರಿಯನ್ನು ಇಡಬೇಕು ಎಂದು ಕೇಂದ್ರ ಸರ್ಕಾರ 2016ರ ಜೂನ್‌ನಲ್ಲಿ ಸೂಚನೆ ಹೊರಡಿಸಿದೆ. ಆದರೂ ಕೊನೆಯ ಕಾವಲು ನಾವೇ.

ಅಕ್ಕನ ಮಗಳು ಪಾಲಿಸಿದ್ದನ್ನೇ ಹೇಳುತ್ತೇನೆ. ವಿಡಿಯೊ ಕರೆಯಲ್ಲಿ ಮುಖ ನೋಡದೆ ಭೇಟಿಗೆ ಒಪ್ಪಲಿಲ್ಲ. ಭೇಟಿ ಹಗಲಿನಲ್ಲಿ, ಇಲ್ಲವೇ ಜನ ಇರುವ ಸಂಜೆ, ಜನರಿರುವ ಜಾಗದಲ್ಲಿ. ಎಲ್ಲಿಗೆ ಹೋಗುತ್ತೇನೆ ಎಂಬುದು ಗೆಳತಿಗೆ ಗೊತ್ತಿತ್ತು. ಹಣ ಕೇಳುವ ಮಾತು ಬಂದರೆ ಅಲ್ಲಿಗೇ ಮುಗಿಯಿತು ಎಂದು ಮೊದಲೇ ನಿರ್ಧರಿಸಿದ್ದಳು. ಮುಜುಗರದ ಫೋಟೊ ಕಳಿಸು ಎಂದು ಪೀಡಿಸಿದ ಇನ್ನೊಬ್ಬನನ್ನು ಕೂಡಲೇ ಬ್ಲಾಕ್ ಮಾ‌ಡಿ ಆ್ಯಪಿಗೆ ದೂರು ಕೊಟ್ಟಿದ್ದಳು. ಹಣ ಕಳೆದುಕೊಂಡವರು ನಾಚಿಕೊಂಡು ಕೂರದೆ ತಕ್ಷಣ ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಇದೆಲ್ಲಕ್ಕಿಂತ ದೊಡ್ಡ ರಕ್ಷಣೆ ಮನೆಯಲ್ಲಿದೆ. ‘ಹಿಂಗಾತು’ ಎಂದು ಬೈಸಿಕೊಳ್ಳದೆ ಹೇಳಬಲ್ಲ ಒಬ್ಬ ಅವ್ವ, ಒಬ್ಬ ಮಾವಶಿ, ಒಬ್ಬ ಅಣ್ಣ ಪ್ರತಿ ಹುಡುಗಿಗೂ ಇರಬೇಕು. ಮೋಸಗಾರರಿಗೆ ಬಲ ಬರುವುದು ನಮ್ಮ ಮನೆಗಳ ಬಾಯಿಮುಚ್ಚಿಸುವ ಗುಣದಿಂದ.

ಅಣ್ಣನ ಬಯೋಡಾಟಾ

ಆ ಫೋಟೊದಲ್ಲಿ ಎತ್ತಿಗೆ ಜೂಲು ಹೊದಿಸುತ್ತಿದ್ದ ಅಣ್ಣನ ಬಗ್ಗೆ ಬರೆಯದೆ ಈ ಲೇಖನ ಮುಗಿಸುವ ಮನಸ್ಸಿಲ್ಲ. ತಮ್ಮನ ಓದಿಗಾಗಿ ತನ್ನ ಓದು ಬಿಟ್ಟವನು, ಅವ್ವನನ್ನು ನೋಡಿಕೊಂಡು ಹೊಲದಲ್ಲಿ ಉಳಿದವನು. ಅವನ ಹೆಸರೂ ಮ್ಯಾಟ್ರಿಮೊನಿ ತಾಣದಲ್ಲಿದೆ, ಹಲವು ಗುಂಪುಗಳಲ್ಲಿದೆ. ಉದ್ಯೋಗ ‘ಶೇತಿ’, ಅಂದರೆ ಒಕ್ಕಲುತನ, ಎಂದು ಓದಿದ ಕೂಡಲೇ ಮುಂದಕ್ಕೆ ಹೋಗುತ್ತಾರೆ. ಊರು ಬಿಟ್ಟ ತಮ್ಮನಿಗೆ ತೆರೆದ ಬಾಗಿಲು ಊರಲ್ಲಿ ಉಳಿದ ಅಣ್ಣನಿಗೆ ತೆರೆಯಲಿಲ್ಲ. ಕುದುರೆ ಏರಿ ಜಿಲ್ಲಾಧಿಕಾರಿ ಕಚೇರಿಗೆ ಹೋದವರಲ್ಲಿ ಇಂಥ ಅಣ್ಣಂದಿರು ಎಷ್ಟಿದ್ದರೋ.

ಹುಡುಗಿಯರಿಗೆ ಸೊಕ್ಕು ಬಂದಿದೆ, ಎಲ್ಲರಿಗೂ ಪುಣೆಯೇ ಬೇಕು ಎಂದು ನಮ್ಮ ಕಟ್ಟೆಗಳಲ್ಲಿ ಆಡುತ್ತಾರೆ. ನಾನು ಒಪ್ಪುವುದಿಲ್ಲ. ಒಕ್ಕಲುತನದ ಮನೆಯಲ್ಲಿ ಹೆಣ್ಣು ನಸುಕಿನಿಂದ ರಾತ್ರಿಯವರೆಗೆ ದುಡಿಯುತ್ತಾಳೆ. ಹೊಲದ ಒಡೆತನ ಹೇಳುವ ಏಳು-ಹನ್ನೆರಡರ ಉತಾರದಲ್ಲಿ ಅವಳ ಹೆಸರು ಇರುವುದು ಅಪರೂಪ, ಕೈಯಲ್ಲಿ ಕಾಸು ಇರುವುದೂ ಅಪರೂಪ. ತನ್ನ ಅವ್ವ ಹಾಗೆ ಸವೆದದ್ದನ್ನು ಕಣ್ಣಾರೆ ಕಂಡ ಮಗಳು ಆ ಬಾಳು ಬೇಡ ಎಂದರೆ ಅದು ಸೊಕ್ಕಲ್ಲ, ವಿವೇಕ. ಹುಟ್ಟುವ ಮೊದಲೇ ಹೆಣ್ಣನ್ನು ಕಳೆದುಕೊಂಡ ಸಮಾಜ, ಹುಟ್ಟಿ ಬೆಳೆದವಳನ್ನು ‘ನಿನಗೇನು ಬೇಕು’ ಎಂದು ಈಗಲಾದರೂ ಕೇಳಬೇಕು.

ನಿಶ್ಚಯವಾದ ಮೇಲೆ ಒಂದು ದಿನ ಆ ಅಣ್ಣ ತನ್ನ ಬಯೋಡಾಟಾ ತಂದು ಅಕ್ಕನ ಮಗಳ ಮುಂದೆ ಇಟ್ಟನಂತೆ. ‘ತಂಗಿ, ಇದರಾಗ ಏನ್ ತಪ್ಪೈತಿ ಹೇಳು.’ ಅಪೇಕ್ಷೆ ಎಂಬಲ್ಲಿ ‘ಹೊಂದಿಕೊಂಡು ಹೋಗುವ, ಮನೆಗೆಲಸ ಬಲ್ಲ ಸುಸಂಸ್ಕೃತ ಕನ್ಯೆ’ ಎಂದಿತ್ತು. ಯಾರೋ ಬರೆದುಕೊಟ್ಟದ್ದು, ಎಲ್ಲರೂ ಬರೆಯುವಂಥದ್ದು. ಅವಳು ಅದನ್ನು ಹೊಡೆದುಹಾಕಿದಳು. ಇಬ್ಬರೂ ಕೂತು ಹೊಸದಾಗಿ ಬರೆದರು. ಮನೆಯಲ್ಲಿ ಶೌಚಾಲಯ ಇದೆ, ನೀರಿನ ತೊಂದರೆ ಇದೆ, ಸಾಲ ಇಷ್ಟಿದೆ. ಮದುವೆಯಾಗುವವಳು ಓದು ಅಥವಾ ಕೆಲಸ ಮುಂದುವರಿಸಬಹುದು. ಹೈನಿನ ಆದಾಯ ಅವಳ ಖಾತೆಗೆ. ವಿಧವೆಯಾಗಲಿ, ಮದುವೆ ಮುರಿದವಳಾಗಲಿ, ಯಾವುದೇ ಒಳಪಂಗಡದವಳಾಗಲಿ ಅಡ್ಡಿಯಿಲ್ಲ. ಕೊನೆಯ ಎರಡು ಮಾತುಗಳನ್ನು ಸೇರಿಸಿದವನು ಅವನೇ, ಅವ್ವನನ್ನು ಕೇಳಿ.

ಆ ಬಯೋಡಾಟಾಕ್ಕೆ ಉತ್ತರ ಬರುತ್ತದೋ ಇಲ್ಲವೋ ಕಾದು ನೋಡಬೇಕು. ಆದರೆ ನಮ್ಮ ಭಾಗದ ಪ್ರತಿ ಮನೆಯೂ ಇಂಥ ಒಂದು ಕಾಗದ ಬರೆಯಲು ಕೂತರೆ ಹೆಣ್ಣುಮಕ್ಕಳು ಓದದೆ ಮುಂದೆ ಹೋಗುವುದು ಕಡಿಮೆಯಾದೀತು ಎಂಬ ನಂಬಿಕೆ ನನ್ನದು. ಆ್ಯಪ್ ಇರಲಿ, ಮೇಳಾವಾ ಇರಲಿ, ಸೋದರಮಾವನ ಬಾಯಿಮಾತಿರಲಿ, ಸಂಬಂಧ ಯಾವ ದಾರಿಯಿಂದ ಬಂದರೂ ಬರಲಿ. ಮೊದಲು ಹುಡುಗಿಯನ್ನು ಕೇಳಿ. ಅವಳ ಉತ್ತರ ‘ಬೇಡ’ ಎಂದಾದರೆ ಕಾರಣ ಕೇಳಿ ಪೀಡಿಸಬೇಡಿ. ‘ಹೌದು’ ಎಂದಾದರೆ ವಿಚಾರಣೆಗೆ ನಿಮ್ಮ ಊರೂರಿನ ನಂಟನ್ನೆಲ್ಲ ಬಳಸಿ, ಮಗಳ ಬೆನ್ನಿಗೆ ನಿಲ್ಲಿ. ನಮ್ಮ ಹುಡುಗಿಯ ಲಗ್ನಕ್ಕೆ ಮುಹೂರ್ತ ಹುಡುಕುವ ಕೆಲಸ ಈಗ ಅವಳ ಅಪ್ಪನದು. ಮೊಬೈಲಿನಲ್ಲಿ ಸಿಕ್ಕ ವರ ಬೇಡ ಎಂದಿದ್ದ ಅದೇ ಅಪ್ಪ ಈಗ ದಿನವೂ ಸಂಜೆ ದುಧನಿಯ ಬೀಗರಿಗೆ ತಾವೇ ಫೋನ್ ಮಾಡುತ್ತಾರೆ.